ಪಾಲುದಾರ, ಸಹಭಾಗಿ, ಸಹೋದ್ಯೋಗಿ, ಸಂಗಡಿಗ: ಯಾರನ್ನು ಏನೆಂದು ಬರೆಯಬೇಕು?

ಕೂಡಿ ಕೆಲಸ ಮಾಡುವವರನ್ನೆಲ್ಲ ‘ಪಾರ್ಟ್‌ನರ್’ ಎಂದು ಕರೆದು ಕೈತೊಳೆದುಕೊಳ್ಳುವವರಿಗೆ ಈ ಬರಹ ಬೇಕಿಲ್ಲ. ಒಪ್ಪಂದದ ಕರಡನ್ನೋ ಆಹ್ವಾನಪತ್ರಿಕೆಯನ್ನೋ ಸಂಸ್ಥೆಯ ಪರಿಚಯ ಪುಟವನ್ನೋ ವಾರ್ಷಿಕ ವರದಿಯನ್ನೋ ಕನ್ನಡದಲ್ಲಿ ಬರೆಯಲು ಕುಳಿತವರಿಗೆ ಮಾತ್ರ ಈ ತೊಡಕು ಎದುರಾಗುತ್ತದೆ. ಪದಗಳಿಗೇನೂ ಬರವಿಲ್ಲ. ಪಾಲುದಾರ, ಪಾಲುಗಾರ, ಭಾಗೀದಾರ, ಭಾಗಸ್ಥ, ಹಿಸ್ಸೆದಾರ, ಸಹಭಾಗಿ, ಸಹಯೋಗಿ, ಸಹೋದ್ಯೋಗಿ, ಸಹವರ್ತಿ, ಸಹಚರ, ಜೊತೆಗಾರ, ಒಡನಾಡಿ, ಸಂಗಾತಿ, ಸಂಗಡಿಗ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಿಘಂಟು ತೆರೆದರೆ ಇವುಗಳಲ್ಲಿ ಒಂದರ ಅರ್ಥವಾಗಿ ಇನ್ನೊಂದು ಸಿಗುತ್ತದೆ. ಬಳಕೆಯಲ್ಲಿ ಮಾತ್ರ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಎಡವಟ್ಟಾಗುತ್ತದೆ. ಕೆಲವೊಮ್ಮೆ ನಗೆಪಾಟಲು, ಕೆಲವೊಮ್ಮೆ ಕೋರ್ಟಿನ ಮೆಟ್ಟಿಲು.

ಆರಿಸಿಕೊಳ್ಳುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನಾಳೆ ನಷ್ಟವಾದರೆ ಇವರ ಗಂಟೂ ಹೋಗುತ್ತದೆಯೇ? ಎಷ್ಟು ಆತ್ಮೀಯರು, ಎಷ್ಟು ಕಾಲದಿಂದ ಜೊತೆಗಿದ್ದಾರೆ, ಎಷ್ಟು ದುಡಿದಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮೇಲಿನ ಪಟ್ಟಿಯಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಅಳಿಸಿಹೋಗುತ್ತದೆ.

ಪಾಲುದಾರ: ಹಗುರವಾಗಿ ಬಳಸಬಾರದ ಪದ

ಉತ್ತರ ‘ಹೌದು’ ಎಂದಾದರೆ ಪಾಲುದಾರ. ಅಚ್ಚಗನ್ನಡದ ‘ಪಾಲು’ ಮುಂದೆ, ಪರ್ಷಿಯನ್ನಿನಿಂದ ಬಂದ ‘ದಾರ’ ಹಿಂದೆ. ಗುತ್ತಿಗೆದಾರ, ಖಾತೆದಾರ, ಬಾಡಿಗೆದಾರ ಎಲ್ಲರೂ ಇದೇ ಸಾಲಿನವರು. ಕಾಗದಪತ್ರದಲ್ಲಿ ಹೆಸರಿರುವವರು, ಹಕ್ಕಿನ ಜೊತೆಗೆ ಹೊಣೆಯನ್ನೂ ಹೊತ್ತವರು. ‘ಪಾಲುಗಾರ’ ಎಂದೂ ಬರೆಯುವುದುಂಟು. ತಪ್ಪಲ್ಲ, ಆದರೆ ಬ್ಯಾಂಕು, ತೆರಿಗೆ, ನೋಂದಣಿ ಎಲ್ಲ ಕಡೆಯೂ ‘ಪಾಲುದಾರ’ವೇ ನೆಲೆಯೂರಿರುವುದರಿಂದ ಅದನ್ನೇ ಹಿಡಿಯುವುದು ಕ್ಷೇಮ. ‘ಭಾಗೀದಾರ’ಕ್ಕೂ ಅರ್ಥ ಅದೇ. ಮರಾಠಿ, ಹಿಂದಿಗಳಲ್ಲಿ ದಿನಬಳಕೆಯ ಪದವಾದ ಇದು ಉತ್ತರ ಕರ್ನಾಟಕದ ವ್ಯಾಪಾರದ ಮಾತಿನಲ್ಲಿ ಸಲೀಸಾಗಿ ಓಡಾಡುತ್ತದೆ, ದಕ್ಷಿಣದ ಓದುಗರಿಗೆ ತುಸು ಪರಕೀಯವಾಗಿ ಕೇಳಿಸುತ್ತದೆ. ಒಂದೇ ಕಡತದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಈ ಪದಕ್ಕೆ ತೂಕ ಬಂದಿರುವುದು 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಿಂದ. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಯಾರಾದರೊಬ್ಬರು ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಿನ ಸಂಬಂಧವೇ ಪಾಲುದಾರಿಕೆ ಎಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ‘ಎಲ್ಲರ ಪರವಾಗಿ’ ಎಂಬಲ್ಲಿಯೇ ಕಾಯ್ದೆಯ ಜೀವ ಇರುವುದು. ಒಬ್ಬ ಪಾಲುದಾರ ಸಂಸ್ಥೆಯ ಹೆಸರಿನಲ್ಲಿ ಸರಕು ತಂದರೆ ಉಳಿದವರೂ ತಂದಂತೆ. ಸಂಸ್ಥೆ ಮಾಡಿದ ಸಾಲವನ್ನು ಸಾಲ ಕೊಟ್ಟವರು ಎಲ್ಲರಿಂದ ಒಟ್ಟಾಗಿಯೂ ವಸೂಲು ಮಾಡಬಹುದು, ಒಬ್ಬನನ್ನೇ ಹಿಡಿದು ಪೂರ್ತಿಯಾಗಿಯೂ ವಸೂಲು ಮಾಡಬಹುದು ಎನ್ನುತ್ತದೆ 25ನೇ ಸೆಕ್ಷನ್. ಪತ್ರದಲ್ಲಿ ಬೇರೆ ಏನೂ ಬರೆದುಕೊಳ್ಳದಿದ್ದರೆ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಬಂಡವಾಳ ಯಾರು ಎಷ್ಟು ಹಾಕಿದರು ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ.

ಬರೆಯುವವರು ಮುಖ್ಯವಾಗಿ ಗಮನಿಸಬೇಕಾದದ್ದು 28ನೇ ಸೆಕ್ಷನ್ನನ್ನು. ತಾನು ಪಾಲುದಾರನೆಂದು ಬಾಯಲ್ಲಿ ಹೇಳಿದವನು, ಬರೆದುಕೊಂಡವನು, ನಡವಳಿಕೆಯಿಂದ ತೋರಿಸಿಕೊಂಡವನು, ಬೇರೆಯವರು ತನ್ನನ್ನು ಹಾಗೆ ಬಿಂಬಿಸುತ್ತಿರುವುದು ಗೊತ್ತಿದ್ದೂ ಸುಮ್ಮನಿದ್ದವನು ಇವರೆಲ್ಲರೂ, ಆ ಮಾತನ್ನು ನಂಬಿ ಸಂಸ್ಥೆಗೆ ಸಾಲ ಕೊಟ್ಟವರಿಗೆ ಪಾಲುದಾರನಷ್ಟೇ ಹೊಣೆಗಾರರಾಗುತ್ತಾರೆ. ಒಬ್ಬ ಗೆಳೆಯ ಸಲಹೆ ಕೊಡುತ್ತಾನೆ, ವಾರಕ್ಕೊಮ್ಮೆ ಬಂದು ಲೆಕ್ಕ ನೋಡುತ್ತಾನೆ, ಬಿಡಿಗಾಸೂ ಹಾಕಿಲ್ಲ ಎಂದಿಟ್ಟುಕೊಳ್ಳಿ. ಪ್ರೀತಿಯಿಂದ ಅವನ ಚಿತ್ರವನ್ನು ‘ನಮ್ಮ ಪಾಲುದಾರರು’ ಎಂಬ ತಲೆಬರಹದ ಕೆಳಗೆ ಹಾಕುತ್ತೀರಿ, ಅವನೂ ನೋಡಿ ಹಿಗ್ಗುತ್ತಾನೆ. ಆ ಪುಟ ನೋಡಿ ಯಾರಾದರೂ ಸಾಲದಲ್ಲಿ ಸರಕು ಕೊಟ್ಟರೆ, ಹಿಗ್ಗಿದ ತಪ್ಪಿಗೆ ಅವನು ಉತ್ತರ ಹೇಳಬೇಕಾಗಬಹುದು. ಅಂಥವನಿಗೆ ‘ಸಲಹೆಗಾರ’ ಎಂಬ ಒಳ್ಳೆಯ ಪದವಿದೆ. ಪಾಲುದಾರಿಕೆ ಬಿಟ್ಟು ಹೋದವರ ಹೆಸರನ್ನು ಲೆಟರ್‌ಹೆಡ್ಡಿನಿಂದ ತೆಗೆಯುವುದಕ್ಕೂ ಇದೇ ಕಾರಣಕ್ಕೆ ತಡಮಾಡಬಾರದು. ಬಿಟ್ಟುಹೋದದ್ದನ್ನು ಸಾರ್ವಜನಿಕ ಪ್ರಕಟಣೆಯ ಮೂಲಕ ತಿಳಿಸುವ ತನಕ ಹೊರಗಿನವರ ಮಟ್ಟಿಗೆ ಹೊಣೆ ಮುಂದುವರಿಯುತ್ತದೆ.

ಲಾಭದಲ್ಲಿ ಪಾಲು ಪಡೆಯುವವರೆಲ್ಲ ಪಾಲುದಾರರಾಗುವುದಿಲ್ಲ ಎಂಬುದನ್ನೂ ಕಾಯ್ದೆಯೇ, 6ನೇ ಸೆಕ್ಷನ್ನಿನಲ್ಲಿ, ಬಿಡಿಸಿ ಹೇಳಿದೆ. ಲಾಭದಲ್ಲಿ ಶೇಕಡಾ ಇಷ್ಟು ಎಂದು ಸಂಬಳ ಪಡೆಯುವ ವ್ಯವಸ್ಥಾಪಕ, ಲಾಭ ನೋಡಿಕೊಂಡು ಹಣ ಪಡೆಯುವ ಸಾಲ ಕೊಟ್ಟಾತ, ತೀರಿಕೊಂಡ ಪಾಲುದಾರನ ಹೆಂಡತಿ ಮಕ್ಕಳಿಗೆ ಲಾಭದಿಂದ ಸಲ್ಲುವ ವರ್ಷಾಶನ, ಇವ್ಯಾವುವೂ ತಮ್ಮಷ್ಟಕ್ಕೇ ಪಾಲುದಾರಿಕೆಯನ್ನು ಹುಟ್ಟಿಸುವುದಿಲ್ಲ. ಹೀಗಾಗಿ ‘ಲಾಭದಲ್ಲಿ ಪಾಲಿದೆಯೇ’ ಎಂದು ಕೇಳುವುದಕ್ಕಿಂತ ‘ನಷ್ಟದಲ್ಲಿ ಪಾಲಿದೆಯೇ’ ಎಂದು ಕೇಳುವುದೇ ಬರೆಯುವವನಿಗೆ ಹೆಚ್ಚು ಉಪಯೋಗದ ಪ್ರಶ್ನೆ.

2008ರ ಕಾಯ್ದೆಯಡಿ ಬಂದ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಲ್ಲಿ (ಎಲ್‌ಎಲ್‌ಪಿ) ಮಾತ್ರ ಈ ಕಟ್ಟು ಸಡಿಲಗೊಂಡಿದೆ. ಅಲ್ಲಿ ಸಂಸ್ಥೆ ಬೇರೆ, ಪಾಲುದಾರ ಬೇರೆ. ಒಬ್ಬ ಪಾಲುದಾರನ ತಪ್ಪಿಗೆ ಇನ್ನೊಬ್ಬನ ಮನೆಮಠ ಹರಾಜಾಗುವುದಿಲ್ಲ. ಎರಡೂ ಕಡೆ ಪದ ಒಂದೇ ಆದ್ದರಿಂದ ಸಂಸ್ಥೆಯ ಹೆಸರಿನ ಕೊನೆಯಲ್ಲಿ ‘ಎಲ್‌ಎಲ್‌ಪಿ’ ಎಂಬುದನ್ನು ಕನ್ನಡದಲ್ಲಿ ಬರೆಯುವಾಗಲೂ ಬಿಡಬಾರದು. ಮೂರಕ್ಷರ ಅಂದಗೆಡಿಸುತ್ತದೆ ಎಂದು ವಿನ್ಯಾಸಕಾರರು ಗೊಣಗುತ್ತಾರೆ, ಗೊಣಗಲಿ.

‘ಡೆಲಿವರಿ ಪಾರ್ಟ್‌ನರ್’ ಎಂಬ ಬಣ್ಣದ ಮಾತು

ಮೊಬೈಲ್ ಆ್ಯಪ್‌ಗಳ ಕಾಲದಲ್ಲಿ ಈ ಪದ ಹೊಸದೊಂದು ವೇಷ ತೊಟ್ಟಿದೆ. ಊಟ ತಂದುಕೊಡುವವರು, ಬಾಡಿಗೆ ಕಾರು ಓಡಿಸುವವರು, ಮನೆಗೆ ಬಂದು ನಲ್ಲಿ ರಿಪೇರಿ ಮಾಡುವವರು ಎಲ್ಲರೂ ಕಂಪನಿಗಳ ಭಾಷೆಯಲ್ಲಿ ‘ಪಾರ್ಟ್‌ನರ್’ಗಳು. ಅದನ್ನೇ ಕನ್ನಡಕ್ಕೆ ಇಳಿಸಿ ‘ವಿತರಣಾ ಪಾಲುದಾರರು’, ‘ಚಾಲಕ ಪಾಲುದಾರರು’ ಎಂದು ಬರೆಯುವುದನ್ನೂ ನೋಡುತ್ತಿದ್ದೇವೆ. ನಮ್ಮ ಪ್ರಶ್ನೆಯನ್ನು ಇಲ್ಲಿಗೂ ತಂದು ನೋಡಿ. ಬೈಕಿನ ಟೈರು ಸವೆದರೆ, ಪೆಟ್ರೋಲ್ ಬೆಲೆ ಏರಿದರೆ, ಮಳೆಯಲ್ಲಿ ಬಿದ್ದು ಮೊಣಕೈ ಮುರಿದರೆ ನಷ್ಟ ಯಾರದು? ಅವನದೇ. ಕಂಪನಿಗೆ ಲಾಭ ಬಂದರೆ ಅದರಲ್ಲಿ ಅವನಿಗೆ ಪಾಲುಂಟೇ? ಇಲ್ಲ. ನಷ್ಟದಲ್ಲಿ ಮಾತ್ರ ಪಾಲು ಕೊಟ್ಟು ಲಾಭದಲ್ಲಿ ಕೊಡದ ಏರ್ಪಾಡಿಗೆ ಪಾಲುದಾರಿಕೆ ಎನ್ನುವುದು ಆ ಪದಕ್ಕೇ ಅವಮಾನ.

ಕಾನೂನು ಇವರನ್ನು ಕರೆಯುವ ಬಗೆಯೇ ಬೇರೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇವರು ಗಿಗ್ ಕಾರ್ಮಿಕರು, ಪ್ಲಾಟ್‌ಫಾರ್ಮ್ ಕಾರ್ಮಿಕರು. ಕರ್ನಾಟಕ 2025ರಲ್ಲಿ ಇವರಿಗಾಗಿಯೇ ಮಾಡಿದ ಸಾಮಾಜಿಕ ಭದ್ರತೆಯ ಕಾಯ್ದೆಯೂ ಇವರನ್ನು ಕಾರ್ಮಿಕರೆಂದೇ ಕರೆಯುತ್ತದೆ. ವರದಿ ಬರೆಯುವವರು ಪಾಲುದಾರ, ಕಾರ್ಮಿಕ ಈ ಎರಡರ ನಡುವೆ ಆರಿಸಬೇಕಾದಾಗ ನನ್ನ ಮತ ‘ಗಿಗ್ ಕಾರ್ಮಿಕ’ಕ್ಕೇ. ಕೆಲಸದ ಹೆಸರನ್ನಷ್ಟೇ ಹೇಳಬೇಕಾದ ಕಡೆ ‘ಆಹಾರ ತಲುಪಿಸುವವರು’, ‘ಕ್ಯಾಬ್ ಚಾಲಕರು’ ಎಂದರೆ ಸಾಕು. ಕಂಪನಿಯ ಜಾಹೀರಾತನ್ನೇ ಅನುವಾದಿಸಬೇಕಾಗಿ ಬಂದರೆ ‘ಪಾರ್ಟ್‌ನರ್’ ಎಂಬುದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟುಬಿಡಿ. ಅದು ಅವರ ಮಾತು, ಅವರ ಬಾಯಲ್ಲೇ ಇರಲಿ.

ಸಹಭಾಗಿ, ಜಂಟಿ, ಸಹಯೋಗ

ಎರಡು ಸಂಸ್ಥೆಗಳು ಕೂಡಿದಾಗ ಪಾಲುದಾರ ಎನ್ನುವುದಕ್ಕಿಂತ ಸಹಭಾಗಿ ಎನ್ನುವುದು ಹಿತ. ವ್ಯಕ್ತಿಗಿಂತ ಸಂಸ್ಥೆಗೆ ಒಪ್ಪುವ ಪದ ಇದು. ಅದರಲ್ಲೂ ‘ಸಹಭಾಗಿತ್ವ’ ಎಂಬ ಭಾವನಾಮವೇ ಹೆಚ್ಚು ಚಲಾವಣೆಯಲ್ಲಿದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಹಭಾಗಿತ್ವ ಒಂದು ನಿರ್ದಿಷ್ಟ ಯೋಜನೆಗೆ, ಒಂದು ಅವಧಿಗೆ ಸೀಮಿತವಾಗಿರಬಹುದು. ಹಣ ಒಬ್ಬರದು, ಜಾಗ ಒಬ್ಬರದು, ಜನ ಇನ್ನೊಬ್ಬರದು ಇರಬಹುದು. ಸರ್ಕಾರವೂ ಖಾಸಗಿಯವರೂ ಸೇರಿ ಕಟ್ಟಿದ್ದನ್ನು ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ ಎನ್ನುವುದು ಇದಕ್ಕಾಗಿಯೇ. 2008ರಲ್ಲಿ ಆರಂಭವಾದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಈ ಬಗೆಯದು. ಅಲ್ಲಿ ‘ಪಾಲುದಾರಿಕೆ’ ಎಂದು ಬರೆದರೆ 1932ರ ಕಾಯ್ದೆಯ ನೆರಳು ಸುಮ್ಮನೆ ಬಂದು ಬೀಳುತ್ತದೆ.

‘ಜಂಟಿ’ ಇನ್ನೂ ಗಟ್ಟಿ. ಇಬ್ಬರೂ ಸೇರಿ ಮೂರನೆಯದೊಂದನ್ನು ಹುಟ್ಟುಹಾಕಿ ಅದಕ್ಕೆ ಇಬ್ಬರೂ ಒಡೆಯರಾದರೆ ಅದು ಜಂಟಿ ಉದ್ಯಮ. ಬೆಂಗಳೂರು ಮೆಟ್ರೊ ರೈಲು ನಿಗಮ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮಪಾಲಿನ ಜಂಟಿ ಸಂಸ್ಥೆ. ಬಿಡದಿಯ ಟೊಯೊಟ ಕಿರ್ಲೋಸ್ಕರ್ ಮೋಟಾರ್ ತನ್ನ ಹೆಸರಿನಲ್ಲೇ ಇಬ್ಬರನ್ನೂ ಹೊತ್ತಿದೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಜಂಟಿ ಸಹಭಾಗಿತ್ವ’ ಎಂಬುದು ದುಪ್ಪಟ್ಟು ಹೊದಿಕೆ. ಎರಡರಲ್ಲಿ ಒಂದು ಸಾಕು. ನಿವೇಶನದ ಮಾಲೀಕರೂ ಬಿಲ್ಡರ್‌ಗಳೂ ಮಾಡಿಕೊಳ್ಳುವ ಪತ್ರಕ್ಕೆ ‘ಜಂಟಿ ಅಭಿವೃದ್ಧಿ ಒಪ್ಪಂದ’ ಎಂಬ ಹೆಸರು ಬಿದ್ದಿದೆ. ಅಲ್ಲಿ ಜಂಟಿಯಾಗಿರುವುದು ಅಭಿವೃದ್ಧಿ. ಹಾಗೆಂದು ಮಾಲೀಕನನ್ನು ಬಿಲ್ಡರ್‌ನ ಪಾಲುದಾರ ಎಂದು ವಿವರಣೆಯಲ್ಲಿ ಬರೆದರೆ ವಕೀಲರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ, ಸರಿಯಾಗಿಯೇ.

‘ಸಹಯೋಗ’ದ ಕಥೆ ವಿಚಿತ್ರ. ‘ಸಹಯೋಗದಲ್ಲಿ’ ಎಂಬ ರೂಪ ಕನ್ನಡದಲ್ಲಿ ಹಾಸುಹೊಕ್ಕಾಗಿದೆ, ಆದರೆ ‘ಸಹಯೋಗಿ’ ಎಂದು ವ್ಯಕ್ತಿಯನ್ನು ಕರೆದ ಕೂಡಲೇ ಹಿಂದಿಯ ಸುತ್ತೋಲೆ ಓದಿದಂತಾಗುತ್ತದೆ. ಕ್ರಿಯೆಗೆ ಸಹಯೋಗ ಇರಲಿ, ವ್ಯಕ್ತಿಗೆ ಬೇರೆ ಪದ ಹುಡುಕಿ.

ಸಹಯೋಗ ನಿಜವಾಗಿ ಪರೀಕ್ಷೆಗೆ ಬೀಳುವುದು ಆಹ್ವಾನಪತ್ರಿಕೆಯಲ್ಲಿ. ಕನ್ನಡದ ಸಭೆ ಸಮಾರಂಭಗಳ ಕಾರ್ಡು ಬರೆದವರಿಗೆಲ್ಲ ಗೊತ್ತು, ಅತಿಥಿಗಳ ಪಟ್ಟಿಗಿಂತ ಮೊದಲ ಎರಡು ಸಾಲುಗಳಿಗೇ ಹೆಚ್ಚು ಜಗಳ. ಅಲ್ಲಿ ನಾಲ್ಕು ಮೆಟ್ಟಿಲುಗಳಿವೆ. ‘ಸಂಯುಕ್ತ ಆಶ್ರಯದಲ್ಲಿ’ ಎಂದರೆ ಎರಡೂ ಸಂಸ್ಥೆಗಳು ಸಮಸಮವಾಗಿ ಕಾರ್ಯಕ್ರಮದ ಒಡೆಯರು. ಸಭಾಂಗಣದ ಬಾಡಿಗೆ ಬಾಕಿ ಉಳಿದರೆ ಇಬ್ಬರ ಬಾಗಿಲಿಗೂ ಬರಬಹುದು. ‘ಸಹಯೋಗದಲ್ಲಿ’ ಎಂದರೆ ಕಾರ್ಯಕ್ರಮ ಮೊದಲ ಹೆಸರಿನವರದು, ಎರಡನೆಯವರು ಆಯೋಜನೆಯಲ್ಲಿ ಕೈಜೋಡಿಸಿದವರು. ‘ಸಹಕಾರದೊಂದಿಗೆ’ ಎಂದರೆ ಜಾಗ ಬಿಟ್ಟುಕೊಟ್ಟವರು, ಸ್ವಯಂಸೇವಕರನ್ನು ಕಳಿಸಿದವರು, ಅನುಮತಿ ಕೊಡಿಸಿದವರು. ‘ಪ್ರಾಯೋಜಕತ್ವದಲ್ಲಿ’ ಎಂದರೆ ದುಡ್ಡು ಕೊಟ್ಟವರು, ಕೆಲಸಕ್ಕೆ ಬಾರದವರು. ಇಲ್ಲಿ ಬೈಗುಳದ ಅರ್ಥವಿಲ್ಲ, ಕೆಲಸಕ್ಕೆ ಬರುವ ಅಗತ್ಯವಿಲ್ಲದವರು ಎಂದಷ್ಟೇ. ಕಾಲೇಜಿನ ಸಭಾಂಗಣವನ್ನು ಪುಕ್ಕಟೆ ಕೊಟ್ಟ ಮಾತ್ರಕ್ಕೆ ಆ ಕಾಲೇಜನ್ನು ‘ಸಂಯುಕ್ತ ಆಶ್ರಯ’ಕ್ಕೆ ಏರಿಸಿದರೆ, ವೇದಿಕೆಯ ಮೇಲೆ ಯಾರೋ ವಿವಾದದ ಮಾತಾಡಿದ ದಿನ ಪ್ರಾಂಶುಪಾಲರು ಪತ್ರಿಕೆಯವರಿಗೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. ಇಲ್ಲಿಯೂ ಅದೇ ಪ್ರಶ್ನೆ, ನಷ್ಟ ಎಂದರೆ ಹಣದ್ದೇ ಆಗಬೇಕಿಲ್ಲ.

ಸಹೋದ್ಯೋಗಿ, ಮತ್ತು ‘ಸಹ’ದ ಬಲೆ

ಸಂಬಳಕ್ಕೆ ದುಡಿಯುವವರ ಲೋಕದಲ್ಲಿ ಲಾಭ ನಷ್ಟದ ಪ್ರಶ್ನೆಗೆ ಉತ್ತರ ಒಂದೇ: ನಮ್ಮ ಗಂಟಿನದಲ್ಲ. ಅಲ್ಲಿಗೆ ಸಹೋದ್ಯೋಗಿ ಸರಿಯಾದ ಪದ. ಒಂದೇ ಕಡೆ ಉದ್ಯೋಗ ಮಾಡುವವರು, ಮೇಲೆ ಕೆಳಗೆ ಎಂಬ ಭೇದವಿಲ್ಲದೆ. ಮುಖ್ಯಮಂತ್ರಿಗಳು ಮಂತ್ರಿಗಳನ್ನು ‘ನನ್ನ ಸಂಪುಟ ಸಹೋದ್ಯೋಗಿಗಳು’ ಎನ್ನುವಾಗ ಇರುವ ಸೌಜನ್ಯ ಅದೇ. ಮೇಲಧಿಕಾರಿ ಕೆಳಗಿನವರನ್ನು ಸಹೋದ್ಯೋಗಿ ಎಂದರೆ ದೊಡ್ಡತನ. ‘ನನ್ನ ಕೈಕೆಳಗಿನವರು’ ಎಂದರೆ ಅದು ಇನ್ನೊಂದು ಬಗೆಯ ಪರಿಚಯ. ಹೊರಗುತ್ತಿಗೆಯ ಮೇಲೆ ಬಂದ ಕಾವಲುಗಾರರು, ಸ್ವಚ್ಛತಾ ಕೆಲಸಗಾರರು ಸಹೋದ್ಯೋಗಿಗಳೇ ಎಂದು ಕೆಲವರು ಕೇಳುತ್ತಾರೆ. ಸಂಬಳದ ಚೀಟಿ ಯಾರು ಕೊಡುತ್ತಾರೆ ಎಂದು ಈ ಪದ ಕೇಳುವುದಿಲ್ಲ, ನಾವೂ ಕೇಳಬೇಕಾಗಿಲ್ಲ.

‘ಸಿಬ್ಬಂದಿ’ಯೊಡನೆ ಇದನ್ನು ಬೆರೆಸಬಾರದು. ‘ನಮ್ಮ ಸಿಬ್ಬಂದಿ’ ಎಂಬುದು ಸಂಸ್ಥೆಯ ಬಾಯಿಂದ ಬರುವ ಮಾತು, ‘ನನ್ನ ಸಹೋದ್ಯೋಗಿಗಳು’ ಎಂಬುದು ವ್ಯಕ್ತಿಯ ಬಾಯಿಂದ. ಒಂದೇ ವೃತ್ತಿಯಲ್ಲಿದ್ದು ಬೇರೆ ಬೇರೆ ಕಡೆ ಕೆಲಸ ಮಾಡುವವರಿಗೆ, ಅಂದರೆ ಊರಿನ ಎಲ್ಲ ವಕೀಲರಿಗೋ ಎಲ್ಲ ಛಾಯಾಗ್ರಾಹಕರಿಗೋ, ‘ವೃತ್ತಿಬಾಂಧವರು’ ಎಂಬ ಸೊಗಸಾದ ಪದವಿದೆ. ಸಂಘಗಳ ಕರಪತ್ರಗಳ ಆಚೆಗೂ ಅದನ್ನು ಬಳಸಬಹುದು.

ಸಹೋದ್ಯೋಗಿಗೂ ಸಹ ಉದ್ಯಮಿಗೂ ಇರುವ ದೂರ ಬಹಳ. ಉದ್ಯೋಗಿ ಸಂಬಳ ಪಡೆಯುವವನು, ಉದ್ಯಮಿ ಸಂಬಳ ಕೊಡುವವನು. ಒಟ್ಟಿಗೆ ಕಂಪನಿ ಕಟ್ಟಿದವರನ್ನು ‘ಸಹ ಸಂಸ್ಥಾಪಕರು’ ಎಂದೇ ಬರೆಯಬೇಕು. ಅವರನ್ನು ಸಹೋದ್ಯೋಗಿಗಳೆಂದರೆ ವಿನಯ ಎನ್ನಬಹುದೇನೋ, ಮಾಹಿತಿಯಂತೂ ತಪ್ಪಾಗುತ್ತದೆ.

ಇನ್ನು ‘ಸಹ’ ಎಂಬ ಪುಟ್ಟ ಪೂರ್ವಪದ. ಸಹಪಾಠಿ, ಸಹ ಪ್ರಯಾಣಿಕ, ಸಹ ಲೇಖಕ ಎಂಬಲ್ಲಿ ಅದು ಸಮಾನತೆ ಹೇಳುತ್ತದೆ. ಹುದ್ದೆಯ ಹೆಸರಿನ ಮುಂದೆ ಬಂದರೆ ಅದೇ ‘ಸಹ’ ಒಂದು ಮೆಟ್ಟಿಲು ಕೆಳಗೆ ಇಳಿಸುತ್ತದೆ. ಶಾಲೆಯಲ್ಲಿ ಮುಖ್ಯ ಶಿಕ್ಷಕರ ಕೆಳಗಿನವರು ಸಹ ಶಿಕ್ಷಕರು. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕ, ಅದರ ಮೇಲೆ ಸಹ ಪ್ರಾಧ್ಯಾಪಕ, ಅದಕ್ಕೂ ಮೇಲೆ ಪ್ರಾಧ್ಯಾಪಕ. ಪಿಎಚ್‌.ಡಿ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ‘ನನ್ನ ಸಹ ಪ್ರಾಧ್ಯಾಪಕರಿಗೆ ವಂದನೆಗಳು’ ಎಂದು ಬರೆದವರು, ಪೂರ್ಣ ಪ್ರಾಧ್ಯಾಪಕರನ್ನು ಒಂದೇ ವಾಕ್ಯದಲ್ಲಿ ಹಿಂಬಡ್ತಿಗೆ ತಳ್ಳಿರುತ್ತಾರೆ. ‘ನನ್ನ ಸಹೋದ್ಯೋಗಿ ಪ್ರಾಧ್ಯಾಪಕರಿಗೆ’ ಎಂದರೆ ಎಲ್ಲರ ಗೌರವವೂ ಉಳಿಯುತ್ತದೆ. ‘ಜಂಟಿ’ಯೂ ಸರ್ಕಾರಿ ಕಚೇರಿಯೊಳಗೆ ಕಾಲಿಟ್ಟರೆ ಇದೇ ಪಾಡು. ಜಂಟಿ ಖಾತೆಯಲ್ಲಿ ಇಬ್ಬರೂ ಒಡೆಯರು. ಜಂಟಿ ನಿರ್ದೇಶಕರು ಮಾತ್ರ ನಿರ್ದೇಶಕರಿಗೆ ಕಡತ ಕಳಿಸುವವರು.

ಮನೆಯೊಳಗಿನ ಪಾಲು

ಭಾಗಸ್ಥ, ಹಿಸ್ಸೆದಾರ, ದಾಯಾದಿ ಈ ಮೂರೂ ಆಸ್ತಿಯ ಪದಗಳು. ಇವರು ಆರಿಸಿಕೊಂಡು ಕೂಡಿದವರಲ್ಲ, ಹುಟ್ಟಿನಿಂದಲೋ ಆನುವಂಶಿಕ ಹಕ್ಕಿನಿಂದಲೋ ಕೂಡಿಬಿದ್ದವರು. ಹಾಗಾಗಿ ವ್ಯಾಪಾರದ ಪತ್ರದಲ್ಲಿ ಇವಕ್ಕೆ ಜಾಗವಿಲ್ಲ. ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ನಾಲ್ಕಾರು ಹೆಸರುಗಳಿದ್ದರೆ ಅವರು ಜಂಟಿ ಖಾತೆದಾರರು. ಪೋಡಿಯಾಗಿ, ಅಂದರೆ ಜಮೀನನ್ನು ಅಳೆದು ಭಾಗ ಮಾಡಿ, ಹಿಸ್ಸಾ ಸಂಖ್ಯೆ ಬೇರೆಯಾದ ಮೇಲೆ ಆ ಸಂಬಂಧ ಕಾಗದದ ಮಟ್ಟಿಗೆ ಮುಗಿಯಿತು. ದಾಯಾದಿ ಎಂಬುದು ಮೂಲದಲ್ಲಿ ಪಿತ್ರಾರ್ಜಿತದಲ್ಲಿ ಪಾಲು ಇರುವವನು ಎಂದಷ್ಟೇ. ಎಷ್ಟು ತಲೆಮಾರು ಜಗಳವಾಡಿದರೋ, ಪದವೇ ಹಗೆಯ ವಾಸನೆ ಹಿಡಿದು ಕೂತಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಹಕ್ಕು ಬಂದಿದೆ; ಆದರೂ ಅಕ್ಕತಂಗಿಯರನ್ನು ದಾಯಾದಿ ಎನ್ನಲು ನಮ್ಮ ನಾಲಿಗೆ ಇನ್ನೂ ಹೊರಳುತ್ತಿಲ್ಲ. ಪತ್ರದಲ್ಲಿ ‘ಹಕ್ಕುದಾರರು’ ಎಂದು ಬರೆದರೆ ಯಾರಿಗೂ ನೋವಿಲ್ಲ.

ಇಲ್ಲೊಂದು ಅಪಾಯದ ತಿರುವು: ‘ಪಾಲುಪಟ್ಟಿ’ ಮತ್ತು ‘ಪಾಲುದಾರಿಕೆ ಪತ್ರ’. ಮೊದಲನೆಯದು ಮನೆ ಒಡೆಯುವ ಕಾಗದ, ವಿಭಾಗಪತ್ರ. ಎರಡನೆಯದು ವ್ಯವಹಾರ ಕಟ್ಟುವ ಕಾಗದ. ಕಡತದ ಮೇಲಿನ ಚೀಟಿಯಲ್ಲಿ ಆತುರಕ್ಕೆ ‘ಪಾಲಿನ ಪತ್ರ’ ಎಂದು ಗೀಚಿಟ್ಟರೆ ಆರು ತಿಂಗಳ ಮೇಲೆ ತೆರೆದು ನೋಡದೆ ಯಾವುದೆಂದು ಹೇಳಲಾಗುವುದಿಲ್ಲ.

ಲೆಕ್ಕವಿಲ್ಲದ ಜೊತೆ

ಹಣದ ಪ್ರಶ್ನೆಯೇ ಏಳದ ಕಡೆ ಕನ್ನಡ ನಿಜಕ್ಕೂ ಸಿರಿವಂತ, ಅಷ್ಟೇ ಮೋಸಗಾರ. ಒಡನಾಡಿ ಎಂದರೆ ಬಹುಕಾಲ ಜೊತೆಗೆ ಓಡಾಡಿದವರು, ಕೆಲಸದಲ್ಲೂ ಬದುಕಿನಲ್ಲೂ. ತೀರಿಕೊಂಡವರ ಬಗ್ಗೆ ಬರೆಯುವಾಗ, ಹಿರಿಯರ ಅಭಿನಂದನಾ ಗ್ರಂಥದಲ್ಲಿ ಇದು ಹೊಂದುತ್ತದೆ. ಮೂರು ತಿಂಗಳ ಹಿಂದೆ ತಂಡ ಸೇರಿದವರಿಗೆ ಒಡನಾಡಿ ಎನ್ನುವುದು ಅತಿಯಾಯಿತು. ಜೊತೆಗಾರ 
ಸರಳ, ಇಬ್ಬರಿದ್ದಾಗ ಚೆನ್ನ. ಕ್ರೀಡಾಪುಟದವರು ಇದನ್ನು ಅಚ್ಚುಕಟ್ಟಾಗಿ ವಿಂಗಡಿಸಿಕೊಂಡಿದ್ದಾರೆ: ಡಬಲ್ಸ್ ಆಡುವವರು ಜೊತೆಗಾರರು, ತಂಡದ ಉಳಿದವರು ಸಹ ಆಟಗಾರರು, ಕ್ರೀಸಿನಲ್ಲಿ ಇಬ್ಬರು ನಿಂತು ರನ್ ಕೂಡಿಸಿದರೆ ಅದು ಜತೆಯಾಟ. ಇಂಗ್ಲಿಷಿನಲ್ಲಿ ವ್ಯಾಪಾರಕ್ಕೂ ಕ್ರಿಕೆಟ್ಟಿಗೂ ಒಂದೇ ಪದ ಸಾಕಾದರೆ, ಕನ್ನಡದ ವರದಿಗಾರರು ‘ಶತಕದ ಪಾಲುದಾರಿಕೆ’ಗೆ ಕೈಹಾಕದೆ ‘ಜತೆಯಾಟ’ ಎಂಬ ಹದವಾದ ಪದವನ್ನು ನೆಲೆಗೊಳಿಸಿದರು. ಪದ ಆರಿಸುವ ಕಲೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಸಂಗಾತಿಯ ವಿಷಯದಲ್ಲಿ ಎಚ್ಚರ. ಎಡಪಂಥೀಯ ಚಳವಳಿಯಲ್ಲಿ ಅದು ಕಾಮ್ರೇಡ್ ಎಂಬುದಕ್ಕೆ ಸಂವಾದಿ. ಅಲ್ಲಿ ಅದಕ್ಕೆ ತನ್ನದೇ ಬಿಸಿಯಿದೆ. ಚಳವಳಿಯ ಹೊರಗೆ ಇಂದು ಸಂಗಾತಿ ಎಂದರೆ ಬಾಳಸಂಗಾತಿ. ‘ನನ್ನ ವ್ಯಾಪಾರದ ಸಂಗಾತಿ’ ಎಂದು ಪರಿಚಯಿಸಿದರೆ ಕೇಳಿದವರು ಮೊದಲ ಪದವನ್ನು ಮರೆತು ಎರಡನೆಯದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಸಂಗಡಿಗ ಏಕವಚನದಲ್ಲಿ ಈಗ ಕಾಣುವುದೇ ಅಪರೂಪ. ‘ಮತ್ತು ಸಂಗಡಿಗರು’ ಎಂದು ಮುಖ್ಯ ಹೆಸರಿನ ಬೆನ್ನಿಗೆ ಬರುವುದೇ ಅದರ ಜಾಯಮಾನ. ಆಕಾಶವಾಣಿಯಲ್ಲಿ ಜಾನಪದ ಗೀತೆ ಕೇಳಿ ಬೆಳೆದವರಿಗೆ ಈ ನುಡಿಗಟ್ಟು ಕಿವಿಯಲ್ಲೇ ಇದೆ. ಒಬ್ಬ ಮುಂದಾಳು, ಹೆಸರಿಲ್ಲದ ಹಲವರು. ಹೆಸರು ಹಾಕಲು ಜಾಗವಿರುವ ಕಡೆ ‘ಸಂಗಡಿಗರು’ ಎಂದು ಮುಗಿಸುವುದು ಸೋಮಾರಿತನ. ಸಹಚರನ ಪಾಡು ಇನ್ನೂ ಕೆಟ್ಟಿದೆ. ಜೊತೆಗೆ ನಡೆಯುವವನು ಎಂಬ ಮುಗ್ಧ ಅರ್ಥದ ಪದ ಅಪರಾಧ ಸುದ್ದಿಯ ಪುಟಕ್ಕೆ ಹೋಗಿ ‘ರೌಡಿಯ ಸಹಚರರು’ ಆಗಿ ಕೂತಿತು. ಇನ್ನು ನಿವೃತ್ತಿ ಸಮಾರಂಭದ ಭಾಷಣದಲ್ಲಿ ‘ನನ್ನ ಸಹಚರರೇ’ ಎಂದರೆ ಸಭೆಯಲ್ಲಿ ಕಿಸಕ್ಕೆಂದು ನಗು ಕೇಳುತ್ತದೆ. ಅದರ ಪಕ್ಕದ ಮನೆಯವನು ‘ಶಾಮೀಲು’. ಒಳ್ಳೆಯ ಕೆಲಸಕ್ಕೆ ಕೈಜೋಡಿಸುತ್ತಾರೆ, ಕೆಟ್ಟ ಕೆಲಸದಲ್ಲಿ ಶಾಮೀಲಾಗುತ್ತಾರೆ. ‘ಭಾಗಿ’ ಎರಡೂ ಕಡೆ ಓಡಾಡುವ ಪದ. ಶಿಬಿರದಲ್ಲಿಯೂ ಭಾಗಿ, ಹಗರಣದಲ್ಲಿಯೂ ಭಾಗಿ. ಶಿಬಿರಕ್ಕೆ ‘ಪಾಲ್ಗೊಂಡವರು’ ಎಂದು ಬರೆದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಬೇಸಾಯದ ಲೋಕದ ಮುಯ್ಯಾಳು ಇವರೆಲ್ಲರಿಗಿಂತ ಭಿನ್ನ. ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು; ಕೆಲಸಕ್ಕೆ ಕೆಲಸವೇ ಕೂಲಿ. ಬೆಳೆ ಕೈಕೊಟ್ಟರೆ ನಷ್ಟ ಗದ್ದೆಯವನದು, ಮುಯ್ಯಾಳಿಗೆ ಸಲ್ಲಬೇಕಾದ ದಿನದ ದುಡಿಮೆಯಂತೂ ಸಲ್ಲಲೇಬೇಕು. ದುಡ್ಡಿಲ್ಲದೆ ಪರಸ್ಪರ ಕೆಲಸ ಮಾಡಿಕೊಡುವ ಇಂದಿನ ಏರ್ಪಾಡುಗಳಿಗೆ ‘ಪಾಲುದಾರಿಕೆ’, ‘ವಿನಿಮಯ ಸಹಯೋಗ’ ಎಂದೆಲ್ಲ ಹೆಸರಿಡುವವರು ಇದನ್ನೊಮ್ಮೆ ನೆನೆಯಬಹುದು.

ಷೇರುದಾರ, ಸದಸ್ಯ, ಸಂಬಂಧಪಟ್ಟವರು

ಕಂಪನಿಯಲ್ಲಿ ಪಾಲುದಾರರಿರುವುದಿಲ್ಲ, ಷೇರುದಾರರಿರುತ್ತಾರೆ. ಅವರ ನಷ್ಟ ಷೇರಿಗೆ ಹಾಕಿದ ಮತ್ತು ಹಾಕಬೇಕಾದ ಹಣಕ್ಕೆ ನಿಲ್ಲುತ್ತದೆ. ಸಹಕಾರ ಸಂಘದಲ್ಲಿ ಷೇರು ಹಣ ಕಟ್ಟಿದರೂ ಹೆಸರು ಸದಸ್ಯ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದಾಗಿನಿಂದ ಈ ಚಳವಳಿಗೆ ನಮ್ಮಲ್ಲಿ ದೀರ್ಘ ಇತಿಹಾಸವಿದೆ, ‘ಸದಸ್ಯ’ ಎಂಬ ಸಾದಾ ಪದಕ್ಕೆ ಅದು ಮತದ ಬಲ ತಂದಿದೆ. ಅಲ್ಲಿ ‘ಪಾಲುದಾರ’ ಎಂದು ಬರೆದರೆ ಆ ಬಲ ಮಾಯವಾಗುತ್ತದೆ.

ಅನುವಾದಕರನ್ನು ಹೆಚ್ಚು ಕಾಡುವುದು, ಒಂದು ಕೆಲಸದ ಒಳಿತೋ ಕೆಡುಕೋ ತಟ್ಟುವವರೆಲ್ಲರನ್ನೂ ಸೂಚಿಸುವ ಇಂಗ್ಲಿಷಿನ ‘ಸ್ಟೇಕ್‌ಹೋಲ್ಡರ್’. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಭಾಗೀದಾರರು, ಪಾಲುದಾರರು, ಬಾಧ್ಯಸ್ಥರು, ಹಿತಾಸಕ್ತರು ಎಂದು ನಾನಾ ಪ್ರಯೋಗಗಳು ನಡೆದಿವೆ. ಅಣೆಕಟ್ಟಿನಿಂದ ಮುಳುಗುವ ಹಳ್ಳಿಯವರನ್ನು ‘ಯೋಜನೆಯ ಪಾಲುದಾರರು’ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೋ. ‘ಸಂಬಂಧಪಟ್ಟವರು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತೊಂದರೆ ಅನುಭವಿಸುವವರನ್ನು ಬೇರೆಯಾಗಿಯೇ ಹೇಳಬೇಕಾದರೆ ‘ಬಾಧಿತರು’ ಇದೆ.

ಕರಡು ಮುಗಿಸುವ ಮುನ್ನ

ಲಿಂಗದ ವಿಷಯ. ಇಕಾರದಲ್ಲಿ ಮುಗಿಯುವ ಸಹೋದ್ಯೋಗಿ, ಸಹಭಾಗಿ, ಒಡನಾಡಿ ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತವೆ. ಬದಲಾವಣೆ ಕ್ರಿಯಾಪದಕ್ಕೆ ಮಾತ್ರ. ಜೊತೆಗಾರನಿಗೆ ಜೊತೆಗಾರ್ತಿ, ಸದಸ್ಯನಿಗೆ ಸದಸ್ಯೆ ಇದ್ದಾರೆ. ಪಾಲುದಾರನಿಗೆ ‘ಪಾಲುದಾರಳು’, ‘ಪಾಲುದಾರೆ’ ಎರಡನ್ನೂ ಕಂಡಿದ್ದೇನೆ, ಎರಡೂ ನನಗೆ ರುಚಿಸುವುದಿಲ್ಲ. ‘ಪಾಲುದಾರರು’ ಎಂಬ ಗೌರವದ ಬಹುವಚನ ಬಳಸಿದರೆ ಪತ್ರಕ್ಕೂ ಗಾಂಭೀರ್ಯ, ಬರೆಯುವವರಿಗೂ ನೆಮ್ಮದಿ. ಕಾಗುಣಿತದಲ್ಲಿ ‘ಸಹದ್ಯೋಗಿ’ ಎಂಬುದು ಬರಿಯ ತಪ್ಪು; ಸಹ ಮತ್ತು ಉದ್ಯೋಗಿ ಕೂಡಿದಾಗ ಗುಣಸಂಧಿಯಿಂದ ‘ಹೋ’ ಬರಲೇಬೇಕು.

ಒಪ್ಪಂದದ ಕರಡಿನಲ್ಲಿ ಒಬ್ಬರಿಗೆ ಒಂದೇ ಹೆಸರು. ಮೊದಲ ಪುಟದಲ್ಲಿ ‘ಒಂದನೇ ಪಾಲುದಾರರು’ ಎಂದು ಕರೆದವರನ್ನು ಮೂರನೇ ಪುಟದಲ್ಲಿ ‘ಸಹಭಾಗಿ’, ಐದನೇ ಪುಟದಲ್ಲಿ ‘ಹೂಡಿಕೆದಾರರು’ ಎಂದು ಕರೆದರೆ, ಶಾಲೆಯ ಪ್ರಬಂಧದಲ್ಲಾದರೆ ಪದಸಂಪತ್ತಿಗೆ ಅಂಕ ಸಿಗುತ್ತದೆ, ಪತ್ರದಲ್ಲಾದರೆ ಎದುರು ಪಕ್ಷದ ವಕೀಲರಿಗೆ ಕೆಲಸ ಸಿಗುತ್ತದೆ. ಮೂವರು ಬೇರೆ ಬೇರೆ ಜನರೆಂದು ಅವರು ವಾದಿಸಿದರೆ ತಪ್ಪು ಅವರದಾಗಿರುವುದಿಲ್ಲ. ಕರಡು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಈ ಪದಗಳನ್ನು ಒಂದೊಂದಾಗಿ ಹುಡುಕಿ, ಪ್ರತಿ ಹೆಸರಿನ ಎದುರು ಯಾವ ಪದ ಬಂದಿದೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಒಬ್ಬರ ಎದುರು ಎರಡು ಪದ ಕಂಡರೆ, ಸಹಿಗೆ ಕಳಿಸುವ ಮೊದಲು ಅವರಿಗೇ ಫೋನ್ ಮಾಡಿ ನಷ್ಟದ ಪ್ರಶ್ನೆ ಕೇಳಿ.